ಪೆಡಲ್ ಆರು, ಗಿಟಾರ್ ಮೂರು. ವೇದಿಕೆಯ ಪ್ಲಗ್ಗಿಗೆ ಅರ್ತ್ ಇದೆಯೇ?

ಸಂಪಾದಕರಿಗೆ,

ಮಾನ್ಯರೇ,

ಮದುವೆ ರಿಸೆಪ್ಷನ್, ರೋಸ್ (ಕ್ರೈಸ್ತರ ಮದುವೆಯ ಮುನ್ನಾದಿನದ ಕಾರ್ಯಕ್ರಮ), ಸಾಂತ್‌ಮಾರಿ (ಚರ್ಚಿನ ಜಾತ್ರೆ), ಕಾಲೇಜು ವಾರ್ಷಿಕೋತ್ಸವ, ಮಲ್ಪೆ–ಪಣಂಬೂರು ಕಡಲತೀರದ ಕಾರ್ಯಕ್ರಮ ಎಂದು ಗಿಟಾರ್ ಹೊತ್ತು ಓಡಾಡುವ ಯುವಕ ಯುವತಿಯರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಅವರೂ ಅವರ ಹೆತ್ತವರೂ ಅಂಗಡಿಯಲ್ಲಿ ಕೇಳುವುದು ಯಾವ ಗಿಟಾರ್ ಒಳ್ಳೆಯದು, ಮುಂದಿನ ಪೆಡಲ್ (ನಾದ ಬದಲಿಸಲು ಕಾಲಿನಿಂದ ಒತ್ತುವ ಪೆಟ್ಟಿಗೆ) ಯಾವುದು ಎಂದು. ಆದರೆ ನಮ್ಮೂರಲ್ಲಿ ಸಾಮಾನು ಕೆಡುವುದಕ್ಕೆ, ಅರ್ಧದಲ್ಲಿ ಹಾಡು ನಿಲ್ಲುವುದಕ್ಕೆ, ಕೆಲವೊಮ್ಮೆ ಜೀವಕ್ಕೇ ಸಂಚಕಾರ ಬರುವುದಕ್ಕೆ ಗಿಟಾರಿನ ಬ್ರಾಂಡ್ ಕಾರಣವಲ್ಲ. ಬೇಸಿಗೆಯಲ್ಲಿ ಒಣಗುವ ಅರ್ತ್, ಮಳೆಗಾಲದಲ್ಲಿ ಒಳಸೇರುವ ಉಪ್ಪಿನ ತೇವ, ಇವೆರಡು ಕಾರಣ. ಮೂರನೇ ಎಲೆಕ್ಟ್ರಿಕ್ ಗಿಟಾರಿಗೆ ಎತ್ತಿಟ್ಟ ಹಣದಲ್ಲಿ ಸಣ್ಣ ಪಾಲನ್ನು ಇವೆರಡಕ್ಕೆ ಹಾಕಿದರೆ ಇರುವ ಎರಡು ಗಿಟಾರ್ ಬಹುಕಾಲ ಬಾಳುತ್ತವೆ. ಆದ್ದರಿಂದ ಈ ಪತ್ರ ನುಡಿಸುವವರಿಗೆ ಎಷ್ಟು ಸಲ್ಲುತ್ತದೋ ಸಭಾಭವನಗಳ ಆಡಳಿತದವರಿಗೂ ಹಬ್ಬದ ಸಮಿತಿಯವರಿಗೂ ಅಷ್ಟೇ ಸಲ್ಲುತ್ತದೆ. ಸ್ವಲ್ಪ ದೀರ್ಘವಾದರೆ ಕ್ಷಮಿಸಿ.

ಮೊದಲು ಅರ್ತ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರಿನ ವಿಚಾರ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಜ್ (ಗಿಟಾರಿನ ದೇಹದ ಮೇಲೆ ತಂತಿ ಕೂರುವ ಭಾಗ) ಮೂಲಕ, ಕೇಬಲ್ಲಿನ ಹೊರಕವಚದ ಮೂಲಕ ನೇರವಾಗಿ ಆಂಪ್‌ನ (ಆಂಪ್ಲಿಫೈಯರಿನ) ಲೋಹದ ಚಾಸಿಗೆ, ಅಂದರೆ ಮೈಗೆ, ಸೇರಿರುತ್ತವೆ. ಚಾಸಿಯಲ್ಲಿ ಏನಿದೆಯೋ ಅದು ವಾದಕನ ಕೈಯಲ್ಲಿರುತ್ತದೆ. ಹಾಡಲು ತುಟಿಯನ್ನು ಮೈಕಿಗೆ ತಾಗಿಸಿದಾಗ ಮೈಕಿನ ಜಾಲರಿ ಇನ್ನೊಂದು ತುದಿ. ಅದು ಮಿಕ್ಸರ್ (ಎಲ್ಲರ ಸದ್ದನ್ನು ಕೂಡಿಸುವ ಘಟಕ) ಮೂಲಕ ಬೇರೊಂದು ಪ್ಲಗ್ಗಿಗೆ ಹೋಗಿರುತ್ತದೆ. ಎರಡು ಪ್ಲಗ್ಗುಗಳಲ್ಲಿ ಒಂದಕ್ಕೆ ಅರ್ತ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ನಡುವಿನ ವೈರ್ ಆಗುವುದು ಹಾಡುವವನ ಮೈ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ವಿದ್ಯುದಾಘಾತಕ್ಕೆ ಬಲಿಯಾದದ್ದು ಅರ್ತ್ ಸರಿಯಿಲ್ಲದ ವ್ಯವಸ್ಥೆಯಿಂದಲೇ. ಕರಾವಳಿಯ ಸೆಕೆಗೆ ಅಂಗೈ, ತುಟಿ, ಕಾಲು ಎಲ್ಲ ಒದ್ದೆಯಾಗಿರುವಾಗ ಚರ್ಮದ ತಡೆ ಎಷ್ಟು ಕಡಿಮೆಯಾಗುತ್ತದೆ ಎಂದು ಎಲೆಕ್ಟ್ರಿಷಿಯನ್‌ಗಳಿಗೆ ಹೇಳಿಕೊಡಬೇಕಾಗಿಲ್ಲ.

‘ಸ್ವಲ್ಪ ಜುಂ ಅನ್ನುತ್ತದೆ, ಪರವಾಗಿಲ್ಲ’ ಎನ್ನುವವರು ತುಂಬ ಮಂದಿ. ಆ ಜುಂ ಎಲ್ಲಿಂದ ಬರುತ್ತದೆ ಎಂದು ತಿಳಿದಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಇಂದಿನ ಆಂಪ್, ಮಿಕ್ಸರ್, ಲ್ಯಾಪ್‌ಟಾಪ್‌ಗಳಲ್ಲಿರುವ ಎಸ್‌ಎಂಪಿಎಸ್ ವಿದ್ಯುತ್ ಘಟಕದ ಫಿಲ್ಟರಿನಲ್ಲಿ ಫೇಸ್‌ನಿಂದ ಚಾಸಿಗೊಂದು, ನ್ಯೂಟ್ರಲ್‌ನಿಂದ ಚಾಸಿಗೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ತ್ ಇದ್ದರೆ ಅವುಗಳ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಚಾಸಿ 230 ವೋಲ್ಟಿನ ಅರ್ಧದಲ್ಲಿ, ಸುಮಾರು 115 ವೋಲ್ಟಿನಲ್ಲಿ ನಿಂತುಬಿಡುತ್ತದೆ. ಕರೆಂಟ್ ತೀರ ಕಡಿಮೆಯಾದ್ದರಿಂದ ಜುಂ ಎಂದು ಬಿಟ್ಟುಬಿಡುತ್ತದೆ, ನಿಜ. ಆದರೆ ಅದೇ ಅರ್ತ್ ಇಲ್ಲದ ಆಂಪ್‌ನೊಳಗೆ ಒಂದು ವೈರ್ ಸವೆದು ಫೇಸ್ ಚಾಸಿಗೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ಬ್ರೇಕರ್ ಬೀಳುವುದಿಲ್ಲ. ಆಗ ಬರುವುದು ಜುಂ ಅಲ್ಲ.

ಪರೀಕ್ಷೆಗೆ ನಿಯಾನ್ ಟೆಸ್ಟರ್ ಸಾಲದು. ಅದು ಸಣ್ಣ ಸೋರಿಕೆಗೂ ಉರಿಯುತ್ತದೆ, ಅರ್ತ್ ಇದೆಯೇ ಇಲ್ಲವೇ ಎಂದು ಹೇಳುವುದಿಲ್ಲ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದನ್ನು ಪ್ರತಿ ತಂಡವೂ ಇಟ್ಟುಕೊಳ್ಳಬೇಕು. ಎಸಿ 750 ವೋಲ್ಟ್ ರೇಂಜಿಗೆ ಇಟ್ಟು ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಿರಿ. ಫೇಸ್–ನ್ಯೂಟ್ರಲ್ 230ರ ಆಸುಪಾಸು ಇರಬೇಕು. ಫೇಸ್–ಅರ್ತ್ ಕೂಡ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟ್ ದಾಟಬಾರದು. ಫೇಸ್–ಅರ್ತ್ ನಡುವೆ 60, 90, 140 ಎಂದು ಅಂಕೆ ಅಲೆದಾಡುತ್ತಿದ್ದರೆ ಅರ್ತ್ ವೈರ್ ಎಲ್ಲೋ ಬಿಟ್ಟುಹೋಗಿದೆ, ಮೀಟರ್ ತೋರಿಸುತ್ತಿರುವುದು ಗಾಳಿಯ ಲೆಕ್ಕ. ನ್ಯೂಟ್ರಲ್–ಅರ್ತ್ ನಡುವೆ ಹಾಲ್ ತುಂಬ ದೀಪ, ಫ್ಯಾನ್ ಓಡುತ್ತಿರುವಾಗಲೂ ನಿಖರವಾಗಿ ಸೊನ್ನೆ ತೋರಿಸಿದರೆ ಖುಷಿಪಡಬೇಡಿ, ಸಂಶಯಪಡಿ: ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಜೋಡಿಸಿರಬಹುದು. ಅಂಥ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಕಡಿದುಹೋದ ಕ್ಷಣ ಆಂಪ್‌ನ ಮೈಯೆಲ್ಲ ಫೇಸ್ ಆಗುತ್ತದೆ. ಅರ್ತ್ ಇಲ್ಲದ್ದಕ್ಕಿಂತ ಇದು ಕೆಟ್ಟದು.

ಮೀಟರ್ ಸರಿ ಎಂದರೂ ಅರ್ತ್ ಭಾರ ಹೊರುತ್ತದೆಯೇ ಎಂದು ನೋಡಲು ಎಲೆಕ್ಟ್ರಿಷಿಯನ್‌ಗಳು ಬಲ್ಬ್ ಹಚ್ಚಿ ನೋಡುತ್ತಾರೆ. 100 ವಾಟ್‌ನ ಹಳೆಯ ತಂತಿ ಬಲ್ಬನ್ನು ಫೇಸ್ ಮತ್ತು ಅರ್ತ್ ನಡುವೆ ಹಾಕಿದಾಗ ಫೇಸ್–ನ್ಯೂಟ್ರಲ್‌ನಷ್ಟೇ ಪ್ರಕಾಶವಾಗಿ ಉರಿಯಬೇಕು. ಮಂಕಾದರೆ ಅರ್ತ್ ಸತ್ತಿದೆ. ಸಭಾಭವನದಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಬಲ್ಬ್ ಉರಿಯುವ ಮೊದಲೇ ಅದು ಬಿದ್ದುಬಿಡುತ್ತದೆ. ಅದು ಒಳ್ಳೆಯ ಲಕ್ಷಣ. ಇದು ತಿಳಿದವರು ಮಾಡುವ ಕೆಲಸ, ಗಿಟಾರ್ ಹುಡುಗರು ಬರಿಗೈಯಲ್ಲಿ ಮಾಡತಕ್ಕದ್ದಲ್ಲ.

ವಾದಕರು ಮಾಡಬೇಕಾದ ಕೊನೆಯ ಪರೀಕ್ಷೆ ಸುಲಭ. ಎಲ್ಲ ಜೋಡಿಸಿ ಆನ್ ಮಾಡಿದ ಮೇಲೆ, ಮೈಕಿಗೆ ಬಾಯಿ ಇಡುವ ಮೊದಲು, ಮೀಟರಿನ ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಒಂದೆರಡು ವೋಲ್ಟಿಗಿಂತ ಕೆಳಗಿದ್ದರೆ ಹಾಡಿ. 90–120 ತೋರಿಸಿದರೆ ಎಲ್ಲೋ ಅರ್ತ್ ಇಲ್ಲ. 200 ದಾಟಿದರೆ ಯಾವುದೋ ಒಂದರ ಮೈಗೆ ಫೇಸ್ ತಾಗಿದೆ. ಏನನ್ನೂ ಮುಟ್ಟದೆ ಮೇನ್ ಆಫ್ ಮಾಡಿಸಿ.

ಸಭಾಭವನದವರಿಗೆ ಇಲ್ಲಿ ಒಂದು ಮಾತು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಅರ್ತ್‌ಗೆ ಅಷ್ಟು ಅನುಕೂಲವಾದದ್ದಲ್ಲ. ಮಳೆಗಾಲದಲ್ಲಿ ನೀರು ತುಂಬಿ ಚೆನ್ನಾಗಿ ಕೆಲಸ ಮಾಡುವ ಅರ್ತ್ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿ ಕಲ್ಲಾಗುತ್ತದೆ, ಅದರ ತಡೆ ಏರುತ್ತದೆ. ಮದುವೆಗಳ ಭರಾಟೆ ಇರುವುದೂ ಏಪ್ರಿಲ್, ಮೇ ತಿಂಗಳಲ್ಲೇ. ಇದ್ದಲು–ಉಪ್ಪು ತುಂಬಿದ ಗುಂಡಿಯಲ್ಲಿ ಎರಡೂವರೆ ಮೀಟರಿನ ಜಿಐ ಪೈಪ್ ಅಥವಾ 60 ಸೆಂ.ಮೀ. ಚೌಕದ ಪ್ಲೇಟ್ ಇಳಿಸಿರುತ್ತಾರಲ್ಲ, ಮೇಲೆ ಒಂದು ಕೊಳವೆಯ ಬಾಯಿಯೂ ಇರುತ್ತದೆ. ಆ ಬಾಯಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ ಕೊಡಪಾನ ನೀರು ಸುರಿಯುವ ಕೆಲಸವನ್ನು ಯಾರಿಗಾದರೂ ವಹಿಸಿ. ಹೂಗಿಡಗಳಿಗೆ ನೀರು ಹಾಕುವವರೇ ಸಾಕು. ವರ್ಷಕ್ಕೊಮ್ಮೆ ಪೈಪಿನ ಬೋಲ್ಟ್ ಬಿಚ್ಚಿ ತುಕ್ಕು ಕೆರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿಸಬೇಕು; ಸಮುದ್ರದ ಗಾಳಿಗೆ ಮೊದಲು ಕೆಡುವುದು ಆ ಬೋಲ್ಟೇ. ವೇದಿಕೆಯ ಹಿಂಗೋಡೆಯಲ್ಲಿ ದೀಪ ಮತ್ತು ಎಸಿಗಳಿಂದ ಪ್ರತ್ಯೇಕವಾದ ಒಂದು ಸರ್ಕ್ಯೂಟ್, ಅದರಲ್ಲಿ 16 ಆಂಪಿಯರಿನ ಎರಡು ತ್ರೀಪಿನ್ ಸಾಕೆಟ್, ಅದಕ್ಕೊಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದು, ಮೇಲೆ ‘ಸೌಂಡ್ ಮಾತ್ರ’ ಎಂದು ಬರೆದಿದ್ದರೆ ವಾದಕರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಬೇರೆ ಸರ್ಕ್ಯೂಟ್ ಏಕೆಂದರೆ, ದೀಪ ಮಬ್ಬಾಗಿಸುವ ಡಿಮ್ಮರ್‌ಗಳು ಅಲೆಯನ್ನು ಅರ್ಧಕ್ಕೆ ಕತ್ತರಿಸುವುದರಿಂದ ಅದೇ ಲೈನಿನಲ್ಲಿರುವ ಗಿಟಾರಿಗೆ ಕರಕರ ಸದ್ದು ಸೇರುತ್ತದೆ.

ಶಾಮಿಯಾನ ಕಾರ್ಯಕ್ರಮಗಳಲ್ಲಿ ಇನ್ನೊಂದು ಅಪಾಯವಿದೆ, ಇದು ಸಾಮಾನಿನ ಪಾಲಿಗೆ. ತ್ರೀಫೇಸ್ ಲೈನ್ ಎಳೆದು ಮೂರು ಕಡೆ ಹಂಚಿರುತ್ತಾರೆ. ನ್ಯೂಟ್ರಲ್ ಜೋಡಣೆ ಸಡಿಲವಾಗಿ ಬಿಟ್ಟುಹೋದರೆ ಕಡಿಮೆ ಲೋಡ್ ಇರುವ ಫೇಸ್‌ಗೆ 230ರ ಬದಲು 400ರ ಹತ್ತಿರದ ವೋಲ್ಟೇಜ್ ಬರಬಹುದು. ಹ್ಯಾಲೊಜನ್, ಗ್ರೈಂಡರ್ ಇರುವ ಫೇಸ್ ಕುಸಿಯುತ್ತದೆ. ಆಂಪ್, ಮಿಕ್ಸರ್ ಇರುವ ಫೇಸ್ ಏರುತ್ತದೆ, ಕ್ಷಣಾರ್ಧದಲ್ಲಿ ಎಸ್‌ಎಂಪಿಎಸ್‌ಗಳು ಸಿಡಿಯುತ್ತವೆ. ದೀಪಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಪ್ರಖರ, ಕೆಲವು ಮಂಕು ಆದರೆ ಅದೇ ಸೂಚನೆ. ಓಡಿಹೋಗಿ ಪ್ಲಗ್ ಕೀಳಿ, ಆಮೇಲೆ ಕಾರಣ ಹುಡುಕಿ. ಜನರೇಟರಿಗೆ ಬದಲಾಯಿಸುವಾಗಲೂ ಮೊದಲು ಆಂಪ್ ಆಫ್ ಮಾಡಿ, ಮೀಟರಿನಲ್ಲಿ ವೋಲ್ಟೇಜ್ ನೋಡಿ, ಮತ್ತೆ ಆನ್ ಮಾಡಿ.

ನಮ್ಮ ಜಿಲ್ಲೆಗಳಿಗೇ ವಿಶೇಷವಾದದ್ದು ಗಲ್ಫಿನಿಂದ ಬಂದ ಸಾಮಾನು. ದುಬೈ, ದೋಹಾ, ಕುವೈತ್, ಮಸ್ಕತ್‌ನಿಂದ ತಂದ ಆಂಪ್, ಕೀಬೋರ್ಡುಗಳಿಗೆ ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ. ಅದು ಒಳ್ಳೆಯ ಪ್ಲಗ್. ಕೆಡುವುದು ಇಲ್ಲಿ ಸಿಗುವ ಅಗ್ಗದ ‘ಯುನಿವರ್ಸಲ್’ ಅಡಾಪ್ಟರಿನಲ್ಲಿ: ಮೂರನೇ ಪಿನ್ ಒಳಗೆ ಹೋಗಲು ರಂಧ್ರವಿರುತ್ತದೆ, ಹಿಂದೆ ಲೋಹವೇ ಇರುವುದಿಲ್ಲ. ಆ ಪ್ಲಗ್ ಕತ್ತರಿಸಿ ಐಎಸ್‌ಐ ಗುರುತಿನ ನಮ್ಮ ತ್ರೀಪಿನ್ ಪ್ಲಗ್ ಹಾಕಿಸಿಬಿಡಿ, ಹಸಿರು ಅಥವಾ ಹಸಿರು–ಹಳದಿ ವೈರ್ ಮೇಲಿನ ದಪ್ಪ ಪಿನ್ನಿಗೆ. ಆ ಪಿನ್ ಉದ್ದವಾಗಿರುವುದು ಮೊದಲು ಸೇರಿ ಕೊನೆಗೆ ಬಿಡಲೆಂದು. ಹಾಗೆಯೇ ಅಮೆರಿಕದಿಂದ ಬಂದದ್ದಾದರೆ ಹಿಂಬದಿಯಲ್ಲಿ 120 ವೋಲ್ಟ್ ಮಾತ್ರ ಎಂದಿದೆಯೇ, 100–240 ಎಂದಿದೆಯೇ ಓದಿ. 120 ಮಾತ್ರ ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಆಂಪ್‌ನ ವಾಟೇಜಿಗಿಂತ ಅರ್ಧದಷ್ಟಾದರೂ ಹೆಚ್ಚಿನ ಸಾಮರ್ಥ್ಯದ್ದು.

ಗುಂಯ್ ಎಂಬ ಹಮ್ ನಿಲ್ಲಿಸಲು ಅರ್ತ್ ಪಿನ್ ಮುರಿಯುವ ಅಭ್ಯಾಸ ಕೆಲವರಲ್ಲಿದೆ. ಅದನ್ನು ಬಿಡಲೇಬೇಕು. ಆಂಪ್ ಒಂದು ಬೋರ್ಡಿನಿಂದ, ಮಿಕ್ಸರ್ ಹಾಲಿನ ಇನ್ನೊಂದು ತುದಿಯ ಬೋರ್ಡಿನಿಂದ ಕರೆಂಟ್ ಪಡೆದಾಗ ಎರಡು ಅರ್ತ್‌ಗಳ ನಡುವೆ ಸಣ್ಣ ವ್ಯತ್ಯಾಸವಿದ್ದು, ಆಡಿಯೋ ಕೇಬಲ್ಲಿನ ಕವಚದಲ್ಲಿ ಕರೆಂಟ್ ಹರಿದು 50 ಹರ್ಟ್ಸ್ ಹಮ್ ಬರುತ್ತದೆ. ಮದ್ದು ಎರಡು. ವೇದಿಕೆಯ ಎಲ್ಲ ಸಾಮಾನನ್ನೂ ಒಂದೇ ಬೋರ್ಡಿನಿಂದ ಎಳೆಯಿರಿ. ಸಾಧ್ಯವಾಗದಿದ್ದರೆ ಡಿಐ ಬಾಕ್ಸ್ (ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪೆಟ್ಟಿಗೆ) ಬಳಸಿ, ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ; ಅದು ಬಿಡಿಸುವುದು ಆಡಿಯೋ ಕೇಬಲ್ಲಿನ ಒಂದನೇ ಪಿನ್ ಮಾತ್ರ, ಜೀವ ಕಾಯುವ ಅರ್ತ್ ಅಲ್ಲೇ ಇರುತ್ತದೆ. ಎಲ್ಲ ಹಮ್ಮೂ ಅರ್ತ್‌ನದ್ದಲ್ಲ ಎಂಬುದೂ ನೆನಪಿರಲಿ. ಒಂದೇ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಗಾಳಿಯಲ್ಲಿರುವ 50 ಹರ್ಟ್ಸನ್ನು ಹೀರಿಕೊಳ್ಳುತ್ತದೆ, ಅದರ ಗುಣವೇ ಅದು. ಆಂಪ್‌ನೊಳಗಿನ ಟ್ರಾನ್ಸ್‌ಫಾರ್ಮರಿನಿಂದ ಎರಡು ಮೀಟರ್ ದೂರ ಸರಿದು ಮೈ ತಿರುಗಿಸಿ ನಿಂತರೆ ಕಡಿಮೆಯಾಗುತ್ತದೆ. ತಂತಿ ಮುಟ್ಟಿದಾಗ ಸದ್ದು ಇಳಿದರೆ ಅದು ಸಹಜ. ಮುಟ್ಟಿದಾಗ ಏರಿದರೆ ಅರ್ತ್ ತಪ್ಪಿದೆ.

ಈಗ ಸಾಮಾನಿನ ಆಯ್ಕೆ. ದುಡಿಯುವ ಗಿಟಾರಿಗನಿಗೆ ಎರಡು ಎಲೆಕ್ಟ್ರಿಕ್, ಪಿಕಪ್ ಇರುವ ಒಂದು ಅಕೌಸ್ಟಿಕ್ ಸಾಕು. ಎರಡನೆಯದು ಅಲಂಕಾರಕ್ಕಲ್ಲ, ಹಾಡಿನ ನಡುವೆ ತಂತಿ ಕಡಿದರೆ ಎತ್ತಿಕೊಳ್ಳಲು. ಎರಡಕ್ಕೂ ಒಂದೇ ದಪ್ಪದ ತಂತಿ ಹಾಕಿ, ಒಂಬತ್ತು–ನಲವತ್ತೆರಡೋ ಹತ್ತು–ನಲವತ್ತಾರೋ, ಕೈಗೆ ಒಗ್ಗಿದ್ದು. ವಾಲ್ವ್ ಆಂಪ್‌ನ ನಾದ ಚೆನ್ನ, ಒಪ್ಪುತ್ತೇವೆ. ಆದರೆ ಅದರ ಭಾರ, ಗಾಜಿನ ವಾಲ್ವ್, ತೇವಕ್ಕೆ ಮಸುಕಾಗುವ ಸಾಕೆಟ್ ಪಿನ್ನುಗಳು, ಇವನ್ನೆಲ್ಲ ಹೊತ್ತು ಕಾರ್ಕಳದಿಂದ ಕುಂದಾಪುರಕ್ಕೆ ತಿರುಗುವವರಿಗೆ ಅದು ಸುಖವಲ್ಲ. ಇರುವವರು ಎರಡು ವಿಷಯ ಮರೆಯಬಾರದು: ಸ್ಪೀಕರ್ ಜೋಡಿಸದೆ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300–450 ವೋಲ್ಟ್ ಉಳಿದಿರಬಹುದು, ಕೈ ಹಾಕಬೇಡಿ. ಮಿಕ್ಕವರಿಗೆ ಸಣ್ಣ ಟ್ರಾನ್ಸಿಸ್ಟರ್ ಆಂಪ್, ಇಲ್ಲವೇ ಹಲವು ಪೆಡಲ್‌ಗಳ ಕೆಲಸ ಮಾಡುವ ಮಲ್ಟಿಇಫೆಕ್ಟ್ ಘಟಕದಿಂದ ನೇರ ಮಿಕ್ಸರಿಗೆ. ನೇರ ಹೋಗುವಾಗ ಘಟಕದ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ನಾದದ ಅನುಕರಣೆ) ಆನ್ ಇರಲಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸಿನ ಮೇಲೆ ಹೆಚ್ಚು ಏನನ್ನೂ ಕೊಡುವುದಿಲ್ಲ, ಹಾಲಿನ ಸ್ಪೀಕರಿನ ಹಾರ್ನ್ ಅದರ ಮೂರು ಪಟ್ಟು ಮೇಲೆ ಹೋಗುತ್ತದೆ. ಅದಿಲ್ಲದೆ ಡಿಸ್ಟಾರ್ಷನ್ ಕಿವಿಯ ಪಕ್ಕ ಸೊಳ್ಳೆ ಹಾಡಿದಂತಿರುತ್ತದೆ. ಗಿಟಾರನ್ನು ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಬರಿದೆ ಚುಚ್ಚುವುದೂ ತಪ್ಪು. ಪಿಕಪ್‌ಗೆ ಒಂದು ಮೆಗಾ ಓಮ್‌ನಷ್ಟು ಇನ್‌ಪುಟ್ ಬೇಕು, ಲೈನ್ ಇನ್‌ಪುಟ್ ಇರುವುದು ಹತ್ತಿಪ್ಪತ್ತು ಸಾವಿರ ಓಮ್. ಸ್ವರದ ಹೊಳಪು ಸತ್ತುಹೋಗುತ್ತದೆ.

ಪೆಡಲ್‌ಗಳ ಸಾಲು ಟ್ಯೂನರ್, ವಾ, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್ ಎಂದು ಹೋಗಲಿ. ಫಜ್ ಇದ್ದರೆ ಎಲ್ಲಕ್ಕಿಂತ ಮುಂದೆ. ಕ್ರಮದ ಬಗ್ಗೆ ಜಗಳವಾಡುವವರು ಆಡಲಿ, ಪೆಡಲ್‌ಗಳು ಸಾಯುವುದು ಕರೆಂಟಿನಿಂದ. ಹೆಚ್ಚಿನವಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್, 2.1 ಮಿ.ಮೀ. ಬ್ಯಾರೆಲ್ ಪ್ಲಗ್. ಮನೆಯಲ್ಲಿ ಬಿದ್ದಿರುವ ರೌಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟಿನದು, ನಡುವೆ ಪಾಸಿಟಿವ್. ಪ್ಲಗ್ ಮಾತ್ರ ಸರಿಯಾಗಿ ಕೂರುತ್ತದೆ, ಅದೇ ಮೋಸ. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದಿದ್ದರೂ ಲೋಡ್ ಇಲ್ಲದಾಗ 13–14 ಕೊಡುವುದುಂಟು. ಮೀಟರ್ ಹಿಡಿದು ನೋಡಿ. ಅನಲಾಗ್ ಓವರ್‌ಡ್ರೈವ್‌ಗೆ 5–10 ಮಿಲಿಆಂಪಿಯರ್ ಸಾಕು, ಡಿಜಿಟಲ್ ಡಿಲೇ, ರಿವರ್ಬ್‌ಗಳಿಗೆ ಕೆಲವಕ್ಕೆ 300ಕ್ಕೂ ಮೇಲೆ ಬೇಕು. ಎಲ್ಲವನ್ನು ಕೂಡಿಸಿ, ಮೇಲೆ ಕಾಲುಭಾಗ ಸೇರಿಸಿ ಅಡಾಪ್ಟರ್ ಆರಿಸಿ. ಒಂದೇ ಅಡಾಪ್ಟರಿನಿಂದ ಮಾಲೆಯ ಹಾಗೆ ಹಂಚುವ ಕೇಬಲ್ ಅನಲಾಗ್ ಪೆಡಲ್‌ಗಳಿಗೆ ಸಾಕು. ಡಿಜಿಟಲ್ ಒಂದು ಸೇರಿದೊಡನೆ ಅದರೊಳಗಿನ ಕ್ಲಾಕ್ ಸರ್ಕ್ಯೂಟಿನ ಕಂಪನ ಗ್ರೌಂಡಿನಲ್ಲಿ ಹರಿದು ಓವರ್‌ಡ್ರೈವ್‌ನಲ್ಲಿ ಕೀಯ್ ಎಂದು ಕೇಳುತ್ತದೆ. ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್‌ಗಳಲ್ಲಿ ಪಾಸಿಟಿವ್ ಬದಿಯೇ ಗ್ರೌಂಡ್ ಆಗಿರುವುದು ಸಾಮಾನ್ಯ, ಮಾಲೆಗೆ ಸೇರಿಸಿದರೆ ಅಡಾಪ್ಟರೇ ಶಾರ್ಟ್. ಹಾಗಾಗಿ ಹೊಸ ಪೆಡಲ್ ಕೊಳ್ಳುವ ಮೊದಲು ಪ್ರತಿ ಔಟ್‌ಪುಟ್ ಪ್ರತ್ಯೇಕವಾಗಿರುವ ಐಸೊಲೇಟೆಡ್ ಪವರ್ ಸಪ್ಲೈ ಕೊಳ್ಳಿ. ಬೆಲೆ ಕೇಳಿದಾಗ ದುಬಾರಿ ಅನಿಸುತ್ತದೆ. ಒಂದು ಡಿಲೇ ಸುಟ್ಟರೆ ಅನಿಸುವುದಿಲ್ಲ.

ಬ್ಯಾಟರಿ ಬಳಸುವವರಿಗೆ: ಪೆಡಲಿನ ಇನ್‌ಪುಟ್ ಜ್ಯಾಕೇ ಬ್ಯಾಟರಿಯ ಸ್ವಿಚ್. ಕೇಬಲ್ ಚುಚ್ಚಿದರೆ ಆನ್, ಕಿತ್ತರೆ ಆಫ್. ದೀಪ ಆರಿದೆ ಎಂದು ಕೇಬಲ್ ಕೀಳದೆ ಮಲಗಿದರೆ ಬೆಳಿಗ್ಗೆಗೆ ಡಿಜಿಟಲ್ ಪೆಡಲಿನ ಬ್ಯಾಟರಿ ಖಾಲಿ. 9 ವೋಲ್ಟಿನ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪಿಯರ್–ಗಂಟೆ ಇರುತ್ತದೆ, ಲೆಕ್ಕ ನೀವೇ ಹಾಕಿಕೊಳ್ಳಿ. ಮಳೆಗಾಲದಲ್ಲಿ ಬಳಸದ ಪೆಡಲಿನೊಳಗೆ ಬ್ಯಾಟರಿ ಬಿಡಬೇಡಿ, ಸೋರಿ ಬೋರ್ಡ್ ತಿನ್ನುತ್ತದೆ.

ವೇದಿಕೆಯಲ್ಲಿ ಸದ್ದು ನಿಂತರೆ ಎಲ್ಲ ಕೇಬಲ್ ಅಲುಗಾಡಿಸಬೇಡಿ. ಮೊದಲು ಗಿಟಾರಿನಿಂದ ನೇರ ಆಂಪ್‌ಗೆ. ಸದ್ದು ಬಂದರೆ ದೋಷ ಪೆಡಲ್ ಸಾಲಿನಲ್ಲಿದೆ; ಸಾಲನ್ನು ನಡುವೆ ಕತ್ತರಿಸಿ, ಮೊದಲ ಮೂರು ಪೆಡಲ್ ಮಾತ್ರ ನೋಡಿ. ಎರಡು ಮೂರು ಹೆಜ್ಜೆಯಲ್ಲಿ ತಪ್ಪಿತಸ್ಥ ಸಿಗುತ್ತದೆ, ಹೆಚ್ಚಿನ ಸಲ ಅದು ಪೆಡಲ್ ಅಲ್ಲ, ನಡುವಿನ ಗೇಣುದ್ದದ ಪ್ಯಾಚ್ ಕೇಬಲ್.

ಇನ್ನು ತೇವ. ಅಡಿಗೆ ಉಪ್ಪು ಗಾಳಿಯ ತೇವಾಂಶ 75 ಶೇಕಡ ದಾಟಿದೊಡನೆ ನೀರು ಹೀರಿ ಕರಗತೊಡಗುತ್ತದೆ. ಕಡಲ ಗಾಳಿಯ ಉಪ್ಪು, ಬೆವರಿನ ಉಪ್ಪು ತಂತಿ, ಬ್ರಿಜ್, ಪಿಕಪ್, ಜ್ಯಾಕ್ ಎಲ್ಲದರ ಮೇಲೂ ಕೂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರು, ಉಡುಪಿಗಳ ತೇವಾಂಶ ಹೆಚ್ಚಿನ ದಿನ ಆ ಗೆರೆಯ ಮೇಲೆಯೇ. ಅಂದರೆ ನಾಲ್ಕು ತಿಂಗಳು ಗಿಟಾರಿನ ಲೋಹವೆಲ್ಲ ತೆಳುವಾದ ಉಪ್ಪುನೀರಿನಲ್ಲಿ ನೆನೆದಂತೆ. ಬೆಂಗಳೂರಿನವರು ಹೇಳುವ ‘ತಿಂಗಳಿಗೊಮ್ಮೆ ಒರೆಸಿ’ ಇಲ್ಲಿಗೆ ಸಲ್ಲ. ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿಬಟ್ಟೆಯಿಂದ ತಂತಿಯ ಮೇಲೂ ಅಡಿಯಲ್ಲೂ ಒರೆಸಬೇಕು. ಬ್ರಿಜ್ಜಿನ ಸಣ್ಣ ಸ್ಕ್ರೂಗಳಿಗೆ ಕಡ್ಡಿಯ ತುದಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಮಳೆಗಾಲಕ್ಕೆ ಮೊದಲು ಒಮ್ಮೆ, ನಡುವೆ ಒಮ್ಮೆ. ಕೋಟಿಂಗ್ ಇರುವ ತಂತಿಗಳ ಬೆಲೆ ಹೆಚ್ಚಾದರೂ ನಮ್ಮ ಹವೆಗೆ ಅದು ದಂಡವಲ್ಲ.

ಪಿಕಪ್‌ನ ತಾಮ್ರದ ವೈರ್ ಸುಮಾರು 0.06 ಮಿ.ಮೀ., ಕೂದಲಿನಷ್ಟು ಸಪೂರ. ತುಕ್ಕು ಒಂದು ಕಡೆ ಕಡಿದರೆ ಸದ್ದು ತೆಳುವಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಗಿಟಾರ್ ಬಿಚ್ಚದೆ ನೋಡಬಹುದು: ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯ ಪ್ಲಗ್ಗಿನ ತುದಿಗೂ ಮೈಗೂ ನಡುವೆ ಓಮ್ ಅಳೆಯಿರಿ. ಸಿಂಗಲ್ ಕಾಯಿಲ್‌ಗೆ ಸುಮಾರು 6,000, ಎರಡು ಸುರುಳಿಯ ಹಂಬಕರ್‌ಗೆ 8,000ದ ಆಸುಪಾಸು ಬರಬೇಕು. 2.5 ಲಕ್ಷ ಅಥವಾ 5 ಲಕ್ಷ ಓಮ್ ತೋರಿಸಿದರೆ ನೀವು ಅಳೆಯುತ್ತಿರುವುದು ವಾಲ್ಯೂಮ್ ಪಾಟ್ (ಗುಬ್ಬಿಯ ಅಡಿಯ ತಿರುಗುವ ರೆಸಿಸ್ಟರ್) ಮಾತ್ರ, ಕಾಯಿಲ್ ಕಡಿದಿದೆ. ಪಾಟ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹೊಡೆದು ಇಪ್ಪತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಸಾಮಾನ್ಯ ಸ್ಪ್ರೇ ಬೇಡ.

ಗಿಟಾರ್ ಎಲ್ಲಿಡುತ್ತೀರಿ ಎಂಬುದು ಮುಖ್ಯ. ಮುರಕಲ್ಲಿನ ಹೊರಗೋಡೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಒಳಗಿನಿಂದಲೂ ಬೆವರುತ್ತದೆ; ಅದಕ್ಕೆ ತೂಗುಹಾಕಿದ ಗಿಟಾರಿನ ಬೆನ್ನಿಗೆ ಬೂಷ್ಟು ಬರುವುದು ಖಂಡಿತ. ಒಳಗೋಡೆಗೆ ತೂಗುಹಾಕಿ. ಬಟ್ಟೆಯ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಅದರ ಸ್ಪಂಜು ತೇವ ಹಿಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ಅಗ್ಗದ ಉಪಾಯ ಮರದ ಕಪಾಟು, ಅದರ ತಳದಲ್ಲಿ ಒಂದು ಹಳೆಯ ಝೀರೋ ಬಲ್ಬ್. ಹೆಸರು ಝೀರೋ ಆದರೂ ಅದು ಹದಿನೈದು ವಾಟಿನಷ್ಟು ಬಿಸಿ ಕೊಡುತ್ತದೆ. ಹೊರಗೆ 27 ಡಿಗ್ರಿ, 90 ಶೇಕಡ ತೇವ ಇದ್ದರೆ ಅದೇ ಗಾಳಿಯನ್ನು 32 ಡಿಗ್ರಿಗೆ ಏರಿಸಿದಾಗ ತೇವಾಂಶ 68ರ ಆಸುಪಾಸಿಗೆ ಇಳಿಯುತ್ತದೆ, ಉಪ್ಪು ಕರಗುವ ಗೆರೆಯ ಕೆಳಗೆ. ಎಲ್‌ಇಡಿ ಝೀರೋ ಬಲ್ಬಿನಿಂದ ಪ್ರಯೋಜನವಿಲ್ಲ, ಅದಕ್ಕೆ ಬಿಸಿಯೇ ಇಲ್ಲ. ಗಿಟಾರ್ ಮತ್ತು ಬಲ್ಬಿನ ನಡುವೆ ಎರಡು ಅಡಿಯಾದರೂ ಅಂತರವಿರಲಿ. ಸಿಲಿಕಾ ಜೆಲ್ ಗಟ್ಟಿ ಪೆಟ್ಟಿಗೆಯೊಳಗೆ ಮಾತ್ರ ಉಪಯೋಗ. ಕಿತ್ತಳೆ ಬಣ್ಣದ್ದು ಹಸಿರಾದಾಗ 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ನ್ಯಾಫ್ತಲಿನ್ ಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ.

ತೇವಾಂಶ ಅಳೆಯುವ, ಕೆಲವು ನೂರು ರೂಪಾಯಿಯ ಹೈಗ್ರೋಮೀಟರ್ ಕಪಾಟಿನಲ್ಲಿರಲಿ. ಅದು ನಿಜ ಹೇಳುತ್ತದೆಯೇ ಎಂದು ಅದೇ ಉಪ್ಪಿನಿಂದ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಕೆಸರಿನ ಹದ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಮೀಟರಿನ ಜೊತೆ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 82 ಎಂದರೆ ಏಳು ಕಳೆದು ಓದಿ.

ತೇವಕ್ಕೆ ಮರವೂ ಅಲುಗುತ್ತದೆ. ಅಂದಹಾಗೆ, ಜಗತ್ತಿನ ಎಷ್ಟೋ ಗಿಟಾರುಗಳ ಫ್ರೆಟ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರದ್ದು; 1992ರಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ ಬೀಟೆಯ ಬೇಡಿಕೆ ಇನ್ನೂ ಹೆಚ್ಚಿತು. ಮರ ನಮ್ಮ ಕಡೆಯದಾದರೂ ಹವೆಯ ಪೆಟ್ಟು ಅದಕ್ಕೂ ತಪ್ಪಿದ್ದಲ್ಲ. ನೆಕ್ ಬಾಗಿದೆಯೇ ನೋಡಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒತ್ತಿ. ಏಳು ಎಂಟನೇ ಫ್ರೆಟ್‌ನ ಮೇಲೆ 0.2ರಿಂದ 0.3 ಮಿ.ಮೀ. ಸಂದು, ಒಂದು ವಿಸಿಟಿಂಗ್ ಕಾರ್ಡಿನ ದಪ್ಪ, ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನೊಳಗಿನ ಸರಳನ್ನು) ಗಡಿಯಾರದ ದಿಕ್ಕಿಗೆ ಕಾಲು ಸುತ್ತು. ಸಂದೇ ಇಲ್ಲದಿದ್ದರೆ ಎದುರು ದಿಕ್ಕಿಗೆ. ಅಷ್ಟು ಮಾಡಿ ಒಂದು ದಿನ ಬಿಡಿ. ನಟ್ಟು ಬಿಗಿಯಾಗಿ ತಿರುಗದಿದ್ದರೆ ಬಲ ಹಾಕದೆ ರಿಪೇರಿಯವರಲ್ಲಿಗೆ ಒಯ್ಯಿರಿ. ಅಕೌಸ್ಟಿಕ್ ಗಿಟಾರಿನ ಎದೆ ಜುಲೈಯಲ್ಲಿ ಉಬ್ಬಿ ತಂತಿ ಮೇಲೇಳುತ್ತದೆ. ಆಗ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಆನಿಕೊಳ್ಳುವ ಪಟ್ಟಿ) ಉಜ್ಜಿ ತಗ್ಗಿಸಿದರೆ ಜನವರಿಯ ಒಣಹವೆಯಲ್ಲಿ ಎದೆ ಇಳಿದು ತಂತಿ ಫ್ರೆಟ್‌ಗೆ ತಾಗಿ ಝಣಗುಟ್ಟುತ್ತದೆ. ಎರಡು ಸ್ಯಾಡಲ್ ಮಾಡಿಸಿಕೊಳ್ಳಿ, ಮಳೆಗಾಲಕ್ಕೆ ಗಿಡ್ಡದು, ಉಳಿದ ಕಾಲಕ್ಕೆ ಎತ್ತರದ್ದು.

ಎಸಿ ಬಸ್ಸಿನಿಂದ, ಎಸಿ ಹಾಲಿನಿಂದ ಹೊರತಂದ ಗಿಟಾರಿನ ಪೆಟ್ಟಿಗೆ ತಕ್ಷಣ ತೆರೆಯಬೇಡಿ. 30 ಡಿಗ್ರಿ, 80 ಶೇಕಡ ತೇವದ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರಾಗಿ ಕೂರುತ್ತದೆ, ಪೆಡಲಿನ ಒಳಗೂ. ಅರ್ಧ ಗಂಟೆ ಮುಚ್ಚಿಯೇ ಬಿಡಿ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಗಿಟಾರ್ ಬಿಡಲೇಬಾರದು, ಅಂಟು ಮೆತ್ತಗಾಗಿ ಬ್ರಿಜ್ ಜಾರುತ್ತದೆ.

ಜೊತೆಯ ಚೀಲದಲ್ಲಿರಬೇಕಾದವು ಹೆಚ್ಚಿಲ್ಲ: ಮೀಟರ್, ಎರಡು ಸೆಟ್ ತಂತಿ, ಒಂದು ಉದ್ದ ಕೇಬಲ್, ಎರಡು ಪ್ಯಾಚ್ ಕೇಬಲ್, ಜ್ಯಾಕ್ ನಟ್ಟಿಗೆ ಹೊಂದುವ ಸ್ಪ್ಯಾನರ್, ಆಲನ್ ಕೀಲಿಗಳು, 25 ವಾಟ್ ಸೋಲ್ಡರಿಂಗ್ ಐರನ್, ಸ್ವಲ್ಪ 60/40 ಸೋಲ್ಡರ್, ತಂತಿ ನಟ್‌ನಲ್ಲಿ (ನೆಕ್ಕಿನ ತುದಿಯ ಗೀರುಪಟ್ಟಿಯಲ್ಲಿ) ಸಿಕ್ಕಿಕೊಂಡು ಟ್ಯೂನಿಂಗ್ ಜಾರಿದರೆ ಗೀರಿಗೆ ಹಚ್ಚಲು ಒಂದು ಪೆನ್ಸಿಲ್, ಮೂರು ಕೋರ್‌ನ ದಪ್ಪ ವೈರಿನ ನಿಮ್ಮದೇ ಎಕ್ಸ್‌ಟೆನ್ಶನ್ ಬೋರ್ಡ್. ಜ್ಯಾಕ್ ನಟ್ಟು ಸಡಿಲವಾದದ್ದು ಕಂಡ ಕೂಡಲೇ ಬಿಗಿಸಿ, ಜ್ಯಾಕ್ ಸುತ್ತತೊಡಗಿದರೆ ಒಳಗಿನ ವೈರ್ ತಿರುಚಿ ಕಡಿಯುತ್ತದೆ. ಆಂಪ್‌ನ ಹಿಂಬದಿಯಲ್ಲಿ ಬರೆದ ಅಳತೆಯ ಫ್ಯೂಸ್ ನಾಲ್ಕು ಇರಲಿ. ಅಂಕೆಯ ಮುಂದೆ ‘ಟಿ’ ಇದ್ದರೆ ನಿಧಾನ ಕರಗುವಂಥದ್ದೇ ಬೇಕು, ವೇಗದ್ದು ಹಾಕಿದರೆ ಆನ್ ಮಾಡಿದಾಗಲೇ ಹೋಗುತ್ತದೆ. ಸರಿಯಾದ ಫ್ಯೂಸ್ ಎರಡನೇ ಬಾರಿಯೂ ಹೋಯಿತೆಂದರೆ ದೊಡ್ಡದು ಹಾಕುವುದಾಗಲಿ, ಬೆಳ್ಳಿ ಕಾಗದ ಸುತ್ತುವುದಾಗಲಿ ಬೇಡ. ಆ ದಿನಕ್ಕೆ ಆಂಪ್ ಬದಿಗಿಟ್ಟು ಡಿಐ ಬಾಕ್ಸಿನಿಂದ ಮಿಕ್ಸರಿಗೆ ಹೋಗಿ.

ಇತಿ,
ಗಿಟಾರ್ ನುಡಿಸುವ ಮತ್ತು ರಿಪೇರಿ ಮಾಡುವ ಕೆಲವರು,
ಮಂಗಳೂರು–ಉಡುಪಿ